ಹಳೆಯ ಸಿನಿಮಾ ಪೋಸ್ಟರುಗಳು: ಸಂಗ್ರಹ ಮತ್ತು ಆರೈಕೆ

ಓದುಗರಲ್ಲಿ ಐವತ್ತು ದಾಟಿದವರು ಒಮ್ಮೆ ಹಿಂದಕ್ಕೆ ಹೊರಳಿ ನೋಡಬೇಕು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿನ ಬಜಾರವಾದರೂ ಸರಿಯೇ. ಗುರುವಾರ ರಾತ್ರಿ ಒಬ್ಬನು ಏಣಿ, ಅಂಟಿನ ಡಬ್ಬಿ, ಕುಂಚ ಹಿಡಿದು ಬರುತ್ತಿದ್ದನು. ಹಳೆಯ ಚಿತ್ರದ ಮೇಲೆಯೇ ಹೊಸ ಚಿತ್ರವನ್ನು ಮೆತ್ತಿ, ಅಂಗೈಯಿಂದ ಒಮ್ಮೆ ತೀಡಿ, ಮುಂದಿನ ಗೋಡೆಗೆ ಹೋಗುತ್ತಿದ್ದನು. ಆಡು ಮುಟ್ಟದ ಸೊಪ್ಪಿಲ್ಲವೆಂಬುದು ಗಾದೆ. ನಮ್ಮ ಊರುಗಳ ಆಡುಗಳು ಸೊಪ್ಪಿಗೇ ನಿಲ್ಲಲಿಲ್ಲ. ಬೆಳಗಾಗುವುದರೊಳಗೆ ಮೈದಾ ಅಂಟಿನ ಆಸೆಗೆ ನಾಯಕಿಯ ಸೆರಗನ್ನೂ ಖಳನ ಮೀಸೆಯನ್ನೂ ತಿಂದು ಮುಗಿಸುತ್ತಿದ್ದವು.

ಹೀಗೆ ಪೋಸ್ಟರೆಂಬುದು ಒಂದು ವಾರದ ಆಯುಸ್ಸಿಗಾಗಿಯೇ ಹುಟ್ಟಿದ ವಸ್ತು. ಗೋಡೆಗೆ ಹತ್ತಿದ್ದು ಉಳಿಯುವುದಿಲ್ಲ. ಉಳಿದಿರುವುದು ಗೋಡೆಗೆ ಹತ್ತದೆ ತಪ್ಪಿಸಿಕೊಂಡದ್ದು. ಟಾಕೀಸಿನ ಹಿಂದಿನ ಕೋಣೆಯಲ್ಲಿ ಮಡಿಸಿಟ್ಟು ಮರೆತ ಕಟ್ಟು, ಕ್ಷೌರದಂಗಡಿಯ ಕನ್ನಡಿಯ ಹಿಂದೆ ಸೇರಿದ ಹಾಳೆ, ಟ್ರಂಕಿನ ತಳಕ್ಕೆ ಹಾಸಿದ್ದು: ಸಂಗ್ರಹಕಾರನು ಹುಡುಕಬೇಕಾದ ಜಾಗಗಳು ಇಂಥವು. ಟಾಕೀಸುಗಳನ್ನು ಕೆಡವಿ ಕಲ್ಯಾಣಮಂಟಪ, ಮಳಿಗೆ ಕಟ್ಟುವ ಕಾಲದಲ್ಲಿ ಈ ಕಟ್ಟುಗಳು ರದ್ದಿಯವನ ತಕ್ಕಡಿಗೆ ಹೋಗುತ್ತವೆ.

ಹೋದರೇನು ಎಂದು ಕೇಳಬಹುದು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಆ ಚಿತ್ರದ ಪ್ರತಿ ಇಂದು ನಮಗೆ ದೊರೆಯುವುದಿಲ್ಲ. ಚಿತ್ರವೇ ಇಲ್ಲದ ಮೇಲೆ ಅದರ ಸಾಕ್ಷಿಗಾಗಿ ಕಾಗದದ ಕಡೆಗೇ ತಿರುಗಬೇಕು: ಜಾಹೀರಾತು, ಪದ್ಯಾವಳಿ, ಪೋಸ್ಟರು. 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ರೀಲುಗಳ ಜೊತೆಗೆ ಪೋಸ್ಟರುಗಳನ್ನೂ ಪದ್ಯಾವಳಿಗಳನ್ನೂ ಕೂಡಿಹಾಕಿದ್ದು ಇದೇ ಕಾರಣಕ್ಕಾಗಿ.

ಆದರೆ ಅಂಥ ದೊಡ್ಡ ಸಂಗ್ರಹಕ್ಕೆ ಸುಲಭವಾಗಿ ಸಿಕ್ಕದ ಒಂದು ವಸ್ತುವುಂಟು. ಅದು ಪೋಸ್ಟರಿನ ಕೆಳಗೆ ಅಂಟಿಸುವ ಚೀಟಿ. ಪೋಸ್ಟರು ಮದರಾಸಿನಲ್ಲಿಯೋ ಶಿವಕಾಶಿಯಲ್ಲಿಯೋ ಅಚ್ಚಾಗಿ ನಾಡಿಗೆಲ್ಲ ಒಂದೇ ರೂಪದಲ್ಲಿ ಬರುತ್ತದೆ. ‘ಇಂದಿನಿಂದ, ದಿನಾಲು ಮೂರು ಆಟಗಳು’ ಎಂದು ಟಾಕೀಸಿನ ಹೆಸರು, ವೇಳೆ, ದರಗಳನ್ನು ಹೇಳುವ ಗೇಣಗಲದ ಚೀಟಿ ಮಾತ್ರ ನಮ್ಮೂರ ಮುದ್ರಣಾಲಯದ್ದು. ಸಂಗ್ರಹಕಾರರಲ್ಲಿ ಅನೇಕರು ಅಂದ ಕೆಡುವುದೆಂದು ಮೊದಲು ಕಿತ್ತೆಸೆಯುವುದು ಇದನ್ನೇ! ಆ ಪೋಸ್ಟರು ನಮ್ಮ ನಾಡಿನದೆಂದು ಹೇಳುವ ಒಂದೇ ಒಂದು ಸಾಲು ಹರಿದುಹೋಗುತ್ತದೆ.

ಈ ಚೀಟಿ ಕಾಲನಿರ್ಣಯಕ್ಕೂ ಒದಗುತ್ತದೆ. ಹಾಳೆಯ ಮೇಲೆ ಇಸವಿ ಇರುವುದು ಅಪರೂಪ. ದರ ಆಣೆಯಲ್ಲಿದ್ದರೆ ಅದು ದಶಮಾಂಶ ನಾಣ್ಯ ಬಂದ 1957ರ ಆಸುಪಾಸಿಗೆ ಅಥವಾ ಹಿಂದಕ್ಕೆ ಹೋಗುತ್ತದೆ. ‘ನಯೇ ಪೈಸೆ’ ಎಂದಿದ್ದರೆ 1957ರಿಂದ 1964ರೊಳಗಿನದು. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರಿಗಿಂತ ಮುಂಚಿನದೆಂದು ತರ್ಕಿಸಬಹುದು. ನಮ್ಮ ನಾಲ್ಕು ತಾಲೂಕುಗಳು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರವರೆಗೆ ಹೈದರಾಬಾದು ರಾಜ್ಯದಲ್ಲಿ ಉಳಿದು, ಬಳಿಕ ರಾಯಚೂರು ಜಿಲ್ಲೆಯೊಂದಿಗೆ ವಿಶಾಲ ಮೈಸೂರಿಗೆ ಬಂದವು. 1997ರಲ್ಲಿ ಕೊಪ್ಪಳ ಜಿಲ್ಲೆಯಾದವು. ಆದ್ದರಿಂದ ‘ಜಿ. ರಾಯಚೂರು’ ಎಂಬ ಎರಡು ಪದಗಳಿದ್ದರೂ ಅದೊಂದು ಶಾಸನದ ಮಿತಿಯಂತೆ ಕೆಲಸಕ್ಕೆ ಬರುತ್ತದೆ. ಆದರೆ ಒಂದು ಎಚ್ಚರಿಕೆ. ಚೀಟಿ ಹೇಳುವುದು ಪ್ರದರ್ಶನದ ಕಾಲವನ್ನು, ಚಿತ್ರದ ಕಾಲವನ್ನಲ್ಲ. 1954ರ ‘ಬೇಡರ ಕಣ್ಣಪ್ಪ’ದಂಥ ಚಿತ್ರ ಎಷ್ಟೋ ವರ್ಷಗಳ ಮೇಲೆ ಮರಳಿ ಬರುವುದುಂಟು. ಮರುಬಿಡುಗಡೆಗೆಂದು ಹೊಸ ಪೋಸ್ಟರು ಅಚ್ಚಾಗುವುದೂ ಉಂಟು.

ಮೂಲವೋ ಮರುಮುದ್ರಣವೋ ಎಂಬುದನ್ನು ಅರಿಯಲು ಭೂತಗನ್ನಡಿಯೊಂದು ಸಾಕು. ಕಲ್ಲಚ್ಚಿನ ಪೋಸ್ಟರಿನಲ್ಲಿ ಬಣ್ಣವು ಮರಳಿನಂತೆ ಅಂಕೆಯಿಲ್ಲದ ಕಣಗಳಾಗಿ ಕಾಣುತ್ತದೆ. ಜಿಡ್ಡಿನ ಬಳಪದಿಂದ ಕಲ್ಲಿನ ಮೇಲೆ ಬರೆದು, ಜಿಡ್ಡು ನೀರುಗಳ ಹಗೆತನದಿಂದಲೇ ಅಚ್ಚೊತ್ತುವ ವಿಧಾನವಿದು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದೂ ಕಲ್ಲಚ್ಚಿನಿಂದಲೇ. ಮುಂದೆ ಬಂದ ಆಫ್‌ಸೆಟ್ ಮುದ್ರಣದಲ್ಲಿ ಚುಕ್ಕೆಗಳು ರಂಗೋಲಿಯಂತೆ ಸಾಲುಗಟ್ಟಿ ನಿಲ್ಲುತ್ತವೆ. ಈಚಿನ ಕಂಪ್ಯೂಟರ್ ಪ್ರತಿಯಲ್ಲಿ ತುಂತುರು ಹನಿ ಚೆಲ್ಲಿದಂತೆ ಇರುತ್ತದೆ. ಕೆಳ ಅಂಚಿನಲ್ಲಿ ಸಣ್ಣಕ್ಷರದ ಮುದ್ರಕರ ಹೆಸರನ್ನೂ ಹುಡುಕಬೇಕು. 1867ರ ಕಾಯಿದೆಯಂತೆ ಅದನ್ನು ಹಾಕಬೇಕಾಗಿದ್ದಿತು. ಅಳತೆಯನ್ನೂ ನೋಡಬೇಕು. ಒಂದು ಶೀಟಿನ ಪೋಸ್ಟರು ಸುಮಾರು 30 ಅಂಗುಲ ಅಗಲ, 40 ಅಂಗುಲ ಎತ್ತರವಿರುತ್ತದೆ.

ಇನ್ನು ಆರೈಕೆ. ಅಗ್ಗದ ಕಾಗದಕ್ಕೆ ಹಗೆ ಹೊರಗಿನಿಂದಲೇ ಬರಬೇಕಾಗಿಲ್ಲ. ಮರದ ತಿರುಳಿನಿಂದ ಮಾಡಿದ ಕಾಗದದಲ್ಲಿ ಆಮ್ಲವು ಹುಟ್ಟುಗುಣವಾಗಿಯೇ ಇರುತ್ತದೆ. ಅದು ಎಳೆಗಳನ್ನು ಒಳಗಿಂದೊಳಗೆ ಕತ್ತರಿಸುತ್ತದೆ. ಹತ್ತು ಡಿಗ್ರಿ ಉಷ್ಣ ಏರಿದರೆ ಈ ಕ್ರಿಯೆ ಸುಮಾರು ಎರಡು ಪಟ್ಟು ಚುರುಕಾಗುತ್ತದೆಂದು ಬಲ್ಲವರ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ಕುಷ್ಟಗಿ, ಯಲಬುರ್ಗಾಗಳಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಹಾಳೆ ಹಪ್ಪಳವಾಗುವುದು ಅದಕ್ಕೇ. ಗಂಗಾವತಿಯ ಕಡೆಗೆ ರೋಗವೇ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆ, ಸುತ್ತಲೂ ಭತ್ತದ ಗದ್ದೆ. ಅಂಥ ಗದ್ದೆಯಂಚಿನ ಮನೆಗಳ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ. ಅಲ್ಲಿ ಬೂಷ್ಟು, ಒರಲೆ, ಮೀನಿನಂತೆ ಜಾರುವ ಬೆಳ್ಳಿಬಣ್ಣದ ಹುಳು. ಒಂದೇ ಪೋಸ್ಟರಿಗೆ ಅಲ್ಲಿ ಗಾಳಿ ಬೇಕು, ಇಲ್ಲಿ ತಂಪು ಬೇಕು. ನಮ್ಮ ಹಳೆಯ ಮಣ್ಣಿನ ಮಾಳಿಗೆಯ ಮನೆಗಳ ನಡುಕೋಣೆ ಈ ಕೆಲಸಕ್ಕೆ ಬಹಳ ಒಳ್ಳೆಯದು.

ನನ್ನದೊಂದು ತಪ್ಪನ್ನು ಹೇಳಿಬಿಡುತ್ತೇನೆ. 1970ರ ‘ಶ್ರೀ ಕೃಷ್ಣದೇವರಾಯ’ ಚಿತ್ರದ ಪೋಸ್ಟರೊಂದು ನನಗೆ ದೊರೆತಿತ್ತು. ಆನೆಗೊಂದಿಯ ನೆರೆಯವನಿಗೆ ಇದಕ್ಕಿಂತ ನಿಧಿಯುಂಟೇ? ಹುಳು ತಿನ್ನದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ, ಪ್ಲೈವುಡ್ ಹಲಗೆಗೆ ಅಂಟಿಸಿ, ಕಿಟಕಿಯ ಎದುರಿಗೆ ತೂಗುಹಾಕಿದೆನು. ಹತ್ತು ವರ್ಷಗಳಲ್ಲಿ ಕೆಂಪು, ಹಳದಿಗಳು ಬಿಸಿಲಿಗೆ ಹಾರಿ ನೀಲಿ ಮಾತ್ರ ಉಳಿಯಿತು. ರಾಯನು ನೀಲಮೇಘಶ್ಯಾಮನಾದನು! ಮಕ್ಕಳು ನಕ್ಕರು. ತುತ್ತದಲ್ಲಿರುವ ತಾಮ್ರವು ಕಾಗದ ಮುರಿಯುವುದನ್ನು ಇನ್ನಷ್ಟು ಬೇಗಮಾಡುತ್ತದೆಂದು ನಾನು ತಿಳಿದದ್ದು ಆಮೇಲೆ. ಬಿಡಿಸಲು ಹೋದರೆ ಅಂಗೈಯಲ್ಲಿ ಪುಡಿ. ಕೆಳಗಿನ ಚೀಟಿಯನ್ನು ಅಂಟಿಸುವ ಮೊದಲೇ ನಾನು ಕಿತ್ತಿದ್ದೆನು. ಅದು ಯಾವ ಊರಿನ ಗೋಡೆಗೆ ಹೊರಟಿದ್ದ ಹಾಳೆ ಎಂಬುದು ಇನ್ನು ತಿಳಿಯುವಂತಿಲ್ಲ.

ಗ್ರಂಥಸಂಪಾದನೆ ಕಲಿತ ನನಗೆ ಈ ಬುದ್ಧಿ ಮೊದಲೇ ಇರಬೇಕಾಗಿತ್ತು. ಓಲೆಯಲ್ಲಿ ಅಕ್ಷರ ಲುಪ್ತವಾಗಿದ್ದರೆ ಸಂಪಾದಕನು ಚುಕ್ಕೆ ಇಡುತ್ತಾನೆ. ತನ್ನ ಅಕ್ಷರವನ್ನು ಓಲೆಯ ಮೇಲೆ ಕೊರೆಯುವುದಿಲ್ಲ. ಪೋಸ್ಟರಿಗೂ ಅದೇ ನ್ಯಾಯ. ಹರಿದ ಮುಖಕ್ಕೆ ಬಣ್ಣ ತುಂಬಬೇಡಿರಿ. ಪಾರದರ್ಶಕ ಅಂಟುಪಟ್ಟಿ ಹಚ್ಚಬೇಡಿರಿ. ಅದರ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಖಂಡಿತ ಬೇಡ, ಅದನ್ನು ಮರಳಿ ಬಿಡಿಸಲಾಗದು. ಕಿನ್ನಾಳದ ಚಿತ್ರಗಾರರು ಬಳಸುವ ಹುಣಸೆಬೀಜದ ಅಂಟು ಒಳ್ಳೆಯದಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ಅದು ಮರದ ಬೊಂಬೆಗೆ ಸರಿ. ಹಾಳೆಗೆ ಬಟ್ಟೆಯ ಬೆನ್ನು ಕೊಡಿಸಲೇಬೇಕಾದರೆ, ನೀರಿನಿಂದ ಮರಳಿ ಬಿಡಿಸಬರುವ ಗೋಧಿಗಂಜಿಯಿಂದ, ಆ ಕೆಲಸ ಬಲ್ಲವರಿಂದಲೇ ಆಗಬೇಕು.

ಮನೆಯಲ್ಲಿ ಮಾಡತಕ್ಕದ್ದು ಸ್ವಲ್ಪವೇ. ಒಣಗಿದ ಕೈಯಿಂದ ಹಾಳೆಯನ್ನು ಬಿಚ್ಚಿ ಮೃದುವಾದ ಕುಂಚದಿಂದ ಧೂಳು ತೆಗೆಯಿರಿ. ಮೆಲ್ಲನೆ ಬಿಚ್ಚಿರಿ, ಹಳೆಯ ಮಡಿಕೆಯಲ್ಲಿಯೇ ಅದು ಮುರಿಯುವುದು. ಆಮ್ಲವಿಲ್ಲದ ಕಾಗದದ ನಡುವೆ ಚಪ್ಪಟೆಯಾಗಿಡಿರಿ. ವೃತ್ತಪತ್ರಿಕೆಯಲ್ಲಿ ಸುತ್ತಿದರೆ ಅದರ ಆಮ್ಲ ಇದಕ್ಕೂ ಹತ್ತುತ್ತದೆ. ಸುರುಳಿ ಸುತ್ತಲೇಬೇಕಾದರೆ ದಪ್ಪ ಕೊಳವೆಯ ಹೊರಗೆ ಸುತ್ತಿ, ರಬ್ಬರಿನ ಬದಲು ಅಗಲವಾದ ಹತ್ತಿಯ ಲಾಡಿ ಕಟ್ಟಿರಿ. ಬಜೆಯ ಬೇರು, ಬೇವಿನೆಲೆಗಳನ್ನು ಬಟ್ಟೆಯ ಗಂಟಿನಲ್ಲಿಟ್ಟರೆ ಹುಳು ದೂರವಿರಬಹುದು. ಎಲೆ ನೇರವಾಗಿ ಕಾಗದಕ್ಕೆ ತಗುಲಿದರೆ ಕಲೆಯಾದೀತು. ಬೆನ್ನಿನ ಮೂಲೆಯಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂದಿಷ್ಟು ಬರೆದು, ಚೀಟಿಯೂ ಕಾಣುವಂತೆ ಒಂದು ಛಾಯಾಚಿತ್ರ ತೆಗೆಯಿರಿ.

ನನ್ನ ಪೆಟ್ಟಿಗೆ ಗೋಡೆಯಿಂದ ಗೇಣುದೂರ, ನೆಲದಿಂದ ನಾಲ್ಕು ಇಟ್ಟಿಗೆ ಎತ್ತರದಲ್ಲಿದೆ. ಮಳೆ ನಿಂತ ಮೇಲೆ, ಮಹಾನವಮಿಯ ಆಯುಧಪೂಜೆಯ ಹೊತ್ತಿಗೆ, ಅದನ್ನು ತೆರೆದು ಒಂದೊಂದೇ ಹಾಳೆಯನ್ನು ನೆರಳಿನಲ್ಲಿ ಹರವುತ್ತೇನೆ. ಈಚೆಗೆ ಜಾತ್ರೆಗೆ ಬಂದ ನಾಟಕ ಕಂಪನಿಗಳ ತೆಳುವಾದ ಬಣ್ಣದ ಕರಪತ್ರಗಳನ್ನೂ ಅದರೊಳಗೆ ಸೇರಿಸಿದ್ದೇನೆ. ಅವುಗಳ ಬಣ್ಣ ಬೆಳಕಿಗೆ ಇನ್ನೂ ಬೇಗ ಹಾರುವುದರಿಂದ ಎಲ್ಲಕ್ಕಿಂತ ಕೆಳಗೆ ಇಟ್ಟಿದ್ದೇನೆ.