ಟಿಟ್ವಾಳಾದ ಶಕುಂತಲೆ: ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಸಾಹಿತ್ಯವಿಮರ್ಶೆ

ಕಲ್ಯಾಣದಿಂದ ಕಸಾರಾ ಕಡೆಗೆ ಹೋಗುವ ರೈಲುಮಾರ್ಗದಲ್ಲಿರುವ ಟಿಟ್ವಾಳಾ ಮಹಾಗಣಪತಿಯ ಕ್ಷೇತ್ರವೆಂದು ಪ್ರಸಿದ್ಧವಾದುದು. ಕಣ್ವಮಹರ್ಷಿಗಳ ಆಶ್ರಮವು ಇಲ್ಲಿದ್ದಿತೆಂದೂ, ದೂರ್ವಾಸರ ಶಾಪದಿಂದ ಪತಿಯ ಮರೆವಿಗೆ ಗುರಿಯಾದ ಶಕುಂತಲೆಯು ಕಣ್ವರ ಮಾತಿನಂತೆ ಈ ಗಣಪತಿಯನ್ನು ಪ್ರತಿಷ್ಠಿಸಿ ಪೂಜಿಸಿದಳೆಂದೂ ಸ್ಥಳಪುರಾಣವು ಹೇಳುತ್ತದೆ. ಈ ಐತಿಹ್ಯದ ಸತ್ಯಾಸತ್ಯತೆಯು ಇಲ್ಲಿ ಪ್ರಸ್ತುತವಲ್ಲ. ಪ್ರೌಢಶಾಲೆಯ ಇಂಗ್ಲಿಷ್ ತರಗತಿಯಲ್ಲಿ ಸಾಹಿತ್ಯತತ್ತ್ವವನ್ನು ಕಲಿಸುವ ಬಗೆ ಹೇಗೆಂಬ ಪ್ರಶ್ನೆಗೆ ಅದು ಉತ್ತಮವಾದ ಉದಾಹರಣೆಯನ್ನು ಒದಗಿಸುತ್ತದೆ.

ಪದ್ಯವೊಂದರ ಸಾರಾಂಶವನ್ನು ಗೈಡಿನಿಂದ ಬಾಯಿಪಾಠ ಮಾಡಿ ಒಪ್ಪಿಸುವ ವಿದ್ಯಾರ್ಥಿಗೆ ಅಂಕಗಳು ದೊರೆಯಬಹುದು; ಓದುವ ಶಕ್ತಿ ದೊರೆಯದು. ಈ ದೋಷವು ಬಾಲಕರಿಗೆ ಮಾತ್ರ ಸೀಮಿತವಲ್ಲ. ಐ. ಎ. ರಿಚರ್ಡ್ಸ್ ಕೇಂಬ್ರಿಜ್ಜಿನಲ್ಲಿ ಕವಿಗಳ ಹೆಸರನ್ನು ಮರೆಮಾಡಿ ಕವಿತೆಗಳನ್ನು ಕೊಟ್ಟಾಗ ಸುಶಿಕ್ಷಿತರೂ ಎಡವಿದರೆಂಬುದು 1929ರಲ್ಲಿ ಪ್ರಕಟವಾದ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಗ್ರಂಥದಿಂದ ವಿದಿತವಾಗುತ್ತದೆ. ಸಾಹಿತ್ಯತತ್ತ್ವವನ್ನು ಹದಿಹರೆಯದವರಿಗೂ ಕಲಿಸಬಹುದೆಂದು ಅಮೆರಿಕದ ಡೆಬೊರಾ ಆಪಲ್‌ಮನ್ 2000ದಲ್ಲಿ ಒಂದು ಗ್ರಂಥದ ಮೂಲಕ ಪ್ರತಿಪಾದಿಸಿದರು. ಒಂದೇ ಕೃತಿಯನ್ನು ಬೇರೆ ಬೇರೆ ದೃಷ್ಟಿಗಳಿಂದ ನೋಡುವ ಅಭ್ಯಾಸವೇ ಅವರ ವಿಧಾನದ ತಿರುಳು. ತತ್ತ್ವವೆಂದರೆ ಪಾರಿಭಾಷಿಕ ಪದಗಳ ಪಟ್ಟಿಯಲ್ಲ. ಕೃತಿಯನ್ನು ಕೇಳಬೇಕಾದ ಪ್ರಶ್ನೆ.

ಇಂತಹ ಪ್ರಶ್ನೆಗಳಿಗೆ ಶಕುಂತಲೆಯ ಕಥೆಯಷ್ಟು ಅನುಕೂಲವಾದ ವಸ್ತು ವಿರಳ. ಮಹಾಭಾರತದ ಆದಿಪರ್ವದಲ್ಲಿ ಆಕೆ, ತನ್ನ ಮಗನೇ ರಾಜ್ಯಕ್ಕೆ ಉತ್ತರಾಧಿಕಾರಿಯಾಗಬೇಕೆಂಬ ನಿಬಂಧನೆಯನ್ನು ಮುಂದಿಟ್ಟು ವಿವಾಹಕ್ಕೆ ಒಪ್ಪುತ್ತಾಳೆ. ಮುಂದೆ ಮಗನೊಡನೆ ರಾಜಸಭೆಗೆ ಬಂದು ನಿರ್ಭಯವಾಗಿ ವಾದಿಸುತ್ತಾಳೆ. ಅಲ್ಲಿ ಶಾಪವೂ ಇಲ್ಲ, ಉಂಗುರವೂ ಇಲ್ಲ. ದುಷ್ಯಂತನು ಎಲ್ಲವನ್ನೂ ಬಲ್ಲವನಾಗಿದ್ದೂ ನಿರಾಕರಿಸುತ್ತಾನೆ. ಕಾಳಿದಾಸನ ನಾಟಕದಲ್ಲಾದರೋ ಶಾಪವೇ ಮರೆವಿಗೆ ಕಾರಣ. ಈ ನಾಟಕವನ್ನು 1789ರಲ್ಲಿ ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸ್ ಅದಕ್ಕೆ ‘ಸಕೊಂತಲಾ ಆರ್ ದ ಫೇಟಲ್ ರಿಂಗ್’ ಎಂದು ಹೆಸರಿಟ್ಟನು. ಮೂಲದ ‘ಅಭಿಜ್ಞಾನ’ವು ಗುರುತನ್ನು ಸೂಚಿಸಿದರೆ, ಅನುವಾದದ ಹೆಸರು ವಿಧಿಯ ಉಂಗುರವನ್ನು ಮುಂದುಮಾಡಿತು.

ಈ ಕಥಾಭಾಗಗಳನ್ನು ಸರಳವಾದ ಇಂಗ್ಲಿಷಿನಲ್ಲಿ ಒಂಬತ್ತನೆಯ ತರಗತಿಯ ಮುಂದಿಟ್ಟರೆ ಪ್ರಶ್ನೆಗಳು ತಾವಾಗಿಯೇ ಏಳುತ್ತವೆ. ಕವಿಯು ಶಾಪವನ್ನು ಏಕೆ ಕಲ್ಪಿಸಿದನು? ಸುಮಾರು ಸಾವಿರ ವರ್ಷಗಳ ಹಿಂದೆಯೇ ಕುಂತಕನು ‘ವಕ್ರೋಕ್ತಿಜೀವಿತ’ದಲ್ಲಿ ಈ ಪ್ರಸಂಗವನ್ನೆತ್ತಿಕೊಂಡು, ಈ ಕಲ್ಪನೆಯಿಂದಲೇ ಕಥೆಗೆ ಸೊಬಗು ಬಂದಿತೆಂದು ಮೆಚ್ಚಿದ್ದಾನೆ. ನಾಯಕನು ಸುಳ್ಳುಗಾರನೆನಿಸದೆ ಉಳಿದನೆಂಬುದು ಒಂದು ಉತ್ತರ. ಹಾಗಾದರೆ ತಪ್ಪಿನ ಭಾರವು ಅತಿಥಿಯನ್ನು ಗಮನಿಸದ ಹುಡುಗಿಯ ಮೇಲೆ ಬಿದ್ದುದು ನ್ಯಾಯವೆ? ಇದು ಸ್ತ್ರೀಪರ ವಿಮರ್ಶೆಯ ಪ್ರಶ್ನೆ. ಟಿಟ್ವಾಳಾದ ಐತಿಹ್ಯವು ವ್ಯಾಸರ ಶಕುಂತಲೆಯನ್ನು ಬಿಟ್ಟು, ಶಾಪಗ್ರಸ್ತಳಾದ ಶಕುಂತಲೆಯನ್ನೇ ಆರಿಸಿಕೊಂಡುದೇಕೆ? ವಾದಿಸಿ ಗೆದ್ದವಳಿಗಿಂತ ಮೊರೆಯಿಟ್ಟವಳು ಕ್ಷೇತ್ರಮಹಿಮೆಗೆ ಹೆಚ್ಚು ಹೊಂದುತ್ತಾಳೆಂದು ವಿದ್ಯಾರ್ಥಿಯೊಬ್ಬನು ಊಹಿಸಿದರೆ, ಅವನು ವಿಮರ್ಶೆಯ ಹೊಸ್ತಿಲನ್ನು ದಾಟಿದಂತೆಯೇ ಸರಿ.

ಪರೀಕ್ಷೆಯ ಒತ್ತಡದಲ್ಲಿ ಇದಕ್ಕೆ ಅವಕಾಶವೆಲ್ಲಿ ಎಂಬ ಆಕ್ಷೇಪಣೆಯು ಸಹಜವಾದುದೇ. ಆದರೆ ಇದಕ್ಕೆ ಬೇಕಾಗುವುದು ಮೂರು ನಾಲ್ಕು ಪಿರಿಯಡ್ಡುಗಳು ಮಾತ್ರ. ಪಾಲಿಸತಕ್ಕ ನಿಯಮವೂ ಒಂದೇ: ಯಾವ ಅಭಿಪ್ರಾಯವನ್ನು ಹೇಳಿದರೂ ಅದಕ್ಕೆ ಆಧಾರವಾದ ವಾಕ್ಯವನ್ನು ಪಠ್ಯದಲ್ಲಿ ಬೆರಳಿಟ್ಟು ತೋರಿಸಬೇಕು. ಈ ನಿಯಮವಿಲ್ಲದಿದ್ದರೆ ವಿಮರ್ಶೆಯು ಹರಟೆಯಾಗುತ್ತದೆ. ವಾದಗಳ ಹೆಸರನ್ನಷ್ಟೇ ಕಲಿಸಿದರೆ ಮತ್ತೊಂದು ಗೈಡಾಗುತ್ತದೆ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುವ ಮಗುವಿಗೆ ಈ ಕ್ರಮವು ವಿಶೇಷವಾಗಿ ಉಪಯುಕ್ತ. ಒಂದೇ ಕಥೆಯು ಭಾಷೆ ಬದಲಾದಂತೆ ಬೇರೆಯಾಗುವುದನ್ನು ಅದು ನಿತ್ಯವೂ ಕೇಳುತ್ತಿರುತ್ತದೆ. ಕುಂತಕಾದಿಗಳ ವಿಚಾರವನ್ನು ತಂದೆತಾಯಿಗಳು ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ (1953) ಕನ್ನಡದಲ್ಲಿಯೇ ಓದಿ ತಿಳಿಸಬಹುದು. ಮನೆಯ ಮಾತು ಅಡುಗೆಮನೆಗೆ ಮಾತ್ರ ಸಲ್ಲುವುದೆಂದು ನಂಬಿ ಬೆಳೆದ ಮಗು ಕ್ರಮೇಣ ಅದನ್ನು ಕೈಬಿಡುತ್ತದೆ. ಅದೇ ಮಾತಿನಲ್ಲಿ ಪಡೆದ ವಿಚಾರವೊಂದನ್ನು ಇಂಗ್ಲಿಷ್ ತರಗತಿಯಲ್ಲಿ ಎದ್ದುನಿಂತು ಹೇಳಬಲ್ಲ ಮಗು ಎರಡು ಭಾಷೆಗಳನ್ನೂ ಉಳಿಸಿಕೊಳ್ಳುತ್ತದೆ.