ರಸಾಯನಶಾಸ್ತ್ರ ಪುನರಾವರ್ತನೆ: ಬಾಯಿಪಾಠಕ್ಕಿಂತ ಲೆಕ್ಕಾಚಾರ ಮುಖ್ಯ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾಗುತ್ತಿದ್ದಂತೆ ವಿದ್ಯಾರ್ಥಿಗಳು ರಾಸಾಯನಿಕ ಸಮೀಕರಣಗಳನ್ನು ಹಾಳೆಗಟ್ಟಲೆ ಬರೆದು ಬಾಯಿಪಾಠ ಮಾಡತೊಡಗುತ್ತಾರೆ. ಪ್ರಶ್ನೆ ಪತ್ರಿಕೆಯಲ್ಲಿ ಅದೇ ಸಮೀಕರಣ ಬಂದರೆ ಅಂಕ ಸಿಗುತ್ತದೆ. ಸತುವಿನ ಬದಲು ಮೆಗ್ನೀಸಿಯಂ, ಹೈಡ್ರೋಕ್ಲೋರಿಕ್ ಆಮ್ಲದ ಬದಲು ಸಲ್ಫ್ಯೂರಿಕ್ ಆಮ್ಲ ಬಂದರೆ ಮಾತ್ರ ಲೇಖನಿ ನಿಂತುಬಿಡುತ್ತದೆ. ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದವರಿಗೆ ಈ ಕೊರತೆ ಇನ್ನಷ್ಟು ಕಾಡುತ್ತದೆ.

ಪ್ರೌಢಶಾಲಾ ರಸಾಯನಶಾಸ್ತ್ರದ ಬಹುತೇಕ ಪಾಠಗಳು ಕೆಲವೇ ಲೆಕ್ಕಗಳ ಮೇಲೆ ನಿಂತಿವೆ. ಪರಮಾಣುಗಳೆಷ್ಟು, ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತು, ಹೈಡ್ರೋಜನ್ ಅಯಾನು ಎಷ್ಟಿದೆ, ಕಾರ್ಬನ್ನಿಗೆ ಬಂಧಗಳೆಷ್ಟು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವ ರೂಢಿ ಬೆಳೆದರೆ ಬಾಯಿಪಾಠದ ಹೊರೆ ಬಹಳಷ್ಟು ಇಳಿಯುತ್ತದೆ.

ಪರಮಾಣು ಕಳೆದುಹೋಗದು

ಫ್ರಾನ್ಸಿನ ವಿಜ್ಞಾನಿ ಲವಾಸಿಯೆ 18ನೇ ಶತಮಾನದಲ್ಲಿ ಮುಚ್ಚಿದ ಪಾತ್ರೆಗಳಲ್ಲಿ ಪ್ರಯೋಗ ನಡೆಸಿ, ಕ್ರಿಯೆಗೆ ಮೊದಲು ಇದ್ದ ತೂಕವೇ ನಂತರವೂ ಉಳಿಯುತ್ತದೆಂದು ತೋರಿಸಿದರು. ಇದೇ ರಾಶಿ ಸಂರಕ್ಷಣಾ ನಿಯಮ. ಸಮೀಕರಣವನ್ನು ಸರಿದೂಗಿಸುವುದೆಂದರೆ ಈ ನಿಯಮವನ್ನು ಕಾಗದದ ಮೇಲೆ ಪಾಲಿಸುವುದು.

ಇಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಒಂದೇ ಕಡೆ. ಹೈಡ್ರೋಜನ್ ಮತ್ತು ಆಕ್ಸಿಜನ್ ಸೇರಿ ನೀರಾಗುವ ಸಮೀಕರಣದಲ್ಲಿ ಎಡಗಡೆ ಎರಡು ಆಕ್ಸಿಜನ್ ಪರಮಾಣು, ಬಲಗಡೆ ಒಂದು ಮಾತ್ರ ಕಾಣುತ್ತದೆ. ಆಗ ಕೆಲವರು ನೀರಿನ ಸೂತ್ರದಲ್ಲಿ ಆಕ್ಸಿಜನ್ನಿನ ಕೆಳಗೆ 2 ಎಂದು ಬರೆದುಬಿಡುತ್ತಾರೆ. ಲೆಕ್ಕ ಸರಿಹೋದಂತೆ ಕಂಡರೂ ಅಲ್ಲಿರುವುದು ಈಗ ನೀರಲ್ಲ, ಗಾಯ ತೊಳೆಯಲು ಬಳಸುತ್ತಿದ್ದ ಹೈಡ್ರೋಜನ್ ಪೆರಾಕ್ಸೈಡ್. ಸೂತ್ರದ ಕೆಳಗಿನ ಅಂಕಿ ಬದಲಾದರೆ ವಸ್ತುವೇ ಬದಲಾಗುತ್ತದೆ. ಬದಲಿಸಬೇಕಾದದ್ದು ಸೂತ್ರದ ಹಿಂದಿನ ಅಂಕಿಯನ್ನು ಮಾತ್ರ. ಎರಡು ಹೈಡ್ರೋಜನ್ ಅಣು, ಒಂದು ಆಕ್ಸಿಜನ್ ಅಣು ಸೇರಿ ಎರಡು ನೀರಿನ ಅಣು ಎಂದರೆ ಲೆಕ್ಕ ಮುಗಿಯಿತು.

ಸುಣ್ಣವೊಂದೇ ಸಾಕು

ಕ್ರಿಯೆಗಳ ವಿಧಗಳನ್ನು ಪುನರಾವರ್ತಿಸಲು ಗೋಡೆಗೆ ಬಳಿಯುವ ಸುಣ್ಣಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಸುಣ್ಣಕಲ್ಲಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟನ್ನು ಚೆನ್ನಾಗಿ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ ಉಳಿದು, 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ. ಇದು ವಿಭಜನ ಕ್ರಿಯೆ. ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿಯೂ ಸುಣ್ಣಕಲ್ಲು ಹೀಗೆಯೇ ಒಡೆಯುತ್ತದೆ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅದು ಕುದಿದು ಅರಳುತ್ತದೆ. 56 ಗ್ರಾಂ ಸುಣ್ಣ 18 ಗ್ರಾಂ ನೀರಿನೊಡನೆ ಸೇರಿ 74 ಗ್ರಾಂ ಅರಳಿದ ಸುಣ್ಣವಾಗುತ್ತದೆ. ಇದು ಸಂಯೋಗ ಕ್ರಿಯೆ. ಶಾಖ ಹೊರಬರುವುದರಿಂದ ಬಹಿರುಷ್ಣಕವೂ ಹೌದು. ಬಳಿದ ಗೋಡೆಯ ಮೇಲೆ ಆ ಸುಣ್ಣ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಂಡು, ನೀರನ್ನು ಬಿಟ್ಟುಕೊಟ್ಟು, ಮತ್ತೆ 100 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹೊರಟಲ್ಲಿಗೇ ಬಂದು ಸೇರುವ ಈ ಸರಣಿಯಲ್ಲಿ ಒಂದು ಗ್ರಾಂ ಕೂಡ ತಪ್ಪಿಹೋಗುವುದಿಲ್ಲ.

ಈ ಅಂಕಿಗಳೆಲ್ಲ ಒಂದು ಮೋಲ್ ವಸ್ತುವಿನ ತೂಕಗಳು. ಡಜನ್ ಎಂದರೆ 12 ಇದ್ದಂತೆ, ಮೋಲ್ ಎಂದರೆ 6.022 ಅನ್ನು 10ರ 23ನೇ ಘಾತದಿಂದ ಗುಣಿಸಿದಷ್ಟು ಕಣಗಳು. 2019ರ ಮೇ 20ರಿಂದ ಈ ಸಂಖ್ಯೆಯ ನಿಖರ ಬೆಲೆಯನ್ನೇ ಮೋಲ್‌ನ ಅಧಿಕೃತ ವ್ಯಾಖ್ಯೆಯನ್ನಾಗಿ ಅಂಗೀಕರಿಸಲಾಗಿದೆ.

ಹೆಸರಿನಲ್ಲೇ ಉತ್ತರ

ಎಲೆಕ್ಟ್ರಾನ್ ಕಳೆದುಕೊಳ್ಳುವುದು ಉತ್ಕರ್ಷಣ, ಪಡೆದುಕೊಳ್ಳುವುದು ಅಪಕರ್ಷಣ ಎಂಬ ವ್ಯಾಖ್ಯೆ ಅನೇಕರಿಗೆ ತಿರುಗುಮುರುಗಾಗುತ್ತದೆ. ಕಳೆದುಕೊಂಡಾಗ 'ಉತ್ಕರ್ಷ' ಹೇಗೆ ಎಂಬುದೇ ಗೊಂದಲಕ್ಕೆ ಕಾರಣ. ಎಲೆಕ್ಟ್ರಾನ್ ಋಣ ವಿದ್ಯುದಂಶವುಳ್ಳ ಕಣವೆಂಬುದನ್ನು ನೆನೆದರೆ ಗೊಂದಲ ತಾನಾಗಿ ಪರಿಹಾರವಾಗುತ್ತದೆ. ಅದು ಹೊರಟುಹೋದರೆ ಪರಮಾಣುವಿನ ವಿದ್ಯುದಂಶ ಮೇಲೇರುತ್ತದೆ, ಬಂದು ಸೇರಿದರೆ ಕೆಳಗಿಳಿಯುತ್ತದೆ.

ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟಾಗ ಕಬ್ಬಿಣ ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಸೊನ್ನೆಯಿಂದ ಧನ ಎರಡಕ್ಕೆ ಏರುತ್ತದೆ, ತಾಮ್ರದ ಅಯಾನು ಅವನ್ನು ಪಡೆದು ಧನ ಎರಡರಿಂದ ಸೊನ್ನೆಗೆ ಇಳಿಯುತ್ತದೆ. ದ್ರಾವಣದ ನೀಲಿ ಬಣ್ಣ ಮಾಸಿ ತಿಳಿ ಹಸಿರಾಗುವುದಕ್ಕೂ ಮೊಳೆಯ ಮೇಲೆ ಕಂದು ಲೇಪ ಕೂರುವುದಕ್ಕೂ ಇದೇ ಕಾರಣ. ಕಬ್ಬಿಣದ ಸಲ್ಫೇಟ್ ದ್ರಾವಣದಲ್ಲಿ ತಾಮ್ರದ ತಂತಿ ಇಟ್ಟರೆ ಏನೂ ಆಗದು. ಎಲೆಕ್ಟ್ರಾನ್ ಬಿಟ್ಟುಕೊಡುವುದರಲ್ಲಿ ತಾಮ್ರ ಕಬ್ಬಿಣಕ್ಕಿಂತ ಹಿಂದೆ. ಲೋಹಗಳ ಕ್ರಿಯಾಶೀಲತಾ ಸರಣಿ ಹೇಳುವುದು ಇಷ್ಟೇ.

ಪ್ರಬಲ ಬೇರೆ, ಸಾರೀಕೃತ ಬೇರೆ

ಆಮ್ಲದ ಪಾಠದಲ್ಲಿ ಎರಡು ಪದಗಳನ್ನು ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು. ನೀರಿನಲ್ಲಿ ಕರಗಿದಾಗ ಸಂಪೂರ್ಣವಾಗಿ ಅಯಾನುಗಳಾಗುವುದು ಪ್ರಬಲ ಆಮ್ಲ. ನೀರಿನ ಪ್ರಮಾಣ ಕಡಿಮೆಯಿದ್ದು ಆಮ್ಲದ ಪ್ರಮಾಣ ಹೆಚ್ಚಿದ್ದರೆ ಅದು ಸಾರೀಕೃತ. ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲ ಎಷ್ಟೇ ಸಾರೀಕೃತವಾಗಿದ್ದರೂ ದುರ್ಬಲ ಆಮ್ಲವೇ.

ಡೆನ್ಮಾರ್ಕಿನ ಸೊರೆನ್‌ಸನ್ 1909ರಲ್ಲಿ ರೂಪಿಸಿದ ಪಿಎಚ್ ಅಳತೆಯಲ್ಲಿ ಪ್ರತಿ ಮೆಟ್ಟಿಲೂ ಹತ್ತು ಪಟ್ಟು. ಪಿಎಚ್ 5ರ ದ್ರಾವಣಕ್ಕಿಂತ ಪಿಎಚ್ 3ರ ದ್ರಾವಣದಲ್ಲಿ ಹೈಡ್ರೋಜನ್ ಅಯಾನುಗಳ ಸಾರತೆ ಎರಡು ಪಟ್ಟಲ್ಲ, ನೂರು ಪಟ್ಟು ಹೆಚ್ಚು.

ಪ್ರಯೋಗಾಲಯದಲ್ಲಿ ಮರೆಯಲೇಬಾರದ ಮಾತೊಂದಿದೆ. ಆಮ್ಲವನ್ನು ದುರ್ಬಲಗೊಳಿಸುವಾಗ ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಕಲಕಬೇಕೇ ಹೊರತು ಆಮ್ಲಕ್ಕೆ ನೀರು ಸುರಿಯಕೂಡದು. ಸಾರೀಕೃತ ಸಲ್ಫ್ಯೂರಿಕ್ ಆಮ್ಲದ ಮೇಲೆ ನೀರು ಬಿದ್ದರೆ ಉಂಟಾಗುವ ಶಾಖದಿಂದ ದ್ರಾವಣ ಸಿಡಿದು ಮುಖ, ಕಣ್ಣಿಗೆ ಅಪಾಯವಾಗಬಹುದು.

ಕಾರ್ಬನ್ನಿಗೆ ನಾಲ್ಕು ಬಂಧ

ಕಾರ್ಬನ್ ಸಂಯುಕ್ತಗಳ ರಚನೆ ಬರೆದ ನಂತರ ಪ್ರತಿ ಕಾರ್ಬನ್ ಪರಮಾಣುವಿನ ಸುತ್ತಲಿನ ಗೆರೆಗಳನ್ನು ಎಣಿಸಬೇಕು. ನಾಲ್ಕಕ್ಕಿಂತ ಹೆಚ್ಚಾಗಲಿ, ಕಡಿಮೆಯಾಗಲಿ ಇದ್ದರೆ ಚಿತ್ರ ತಪ್ಪು. ಬ್ಯೂಟೇನ್‌ಗೆ ಎರಡು, ಪೆಂಟೇನ್‌ಗೆ ಮೂರು ರಚನೆಗಳಿವೆ. ಪೆಂಟೇನ್‌ಗೆ ನಾಲ್ಕನೆಯದು ಸಿಕ್ಕಂತೆ ಕಂಡರೆ, ಅದು ಹಳೆಯ ಸರಪಳಿಯನ್ನೇ ಬಾಗಿಸಿ ಬರೆದದ್ದೆಂದು ತಿಳಿಯಬೇಕು.

ಪುನರಾವರ್ತನೆಗೆ ಸರಳ ಕ್ರಮವೊಂದನ್ನು ಅನುಸರಿಸಬಹುದು. ದಿನಕ್ಕೆ ಐದು ಸಮೀಕರಣಗಳ ಎಡಭಾಗವನ್ನಷ್ಟೇ ಬರೆದು, ಪುಸ್ತಕ ಮುಚ್ಚಿಟ್ಟು, ಬಲಭಾಗವನ್ನು ತಾನೇ ಪೂರ್ಣಗೊಳಿಸುವುದು. ಬಳಿಕ ಪರಮಾಣುಗಳನ್ನೆಣಿಸಿ, ಕೊನೆಯಲ್ಲಿ ಮಾತ್ರ ಪುಸ್ತಕದೊಡನೆ ಹೋಲಿಸುವುದು. ತಪ್ಪಾದ ಸಮೀಕರಣವನ್ನು ಹತ್ತು ಬಾರಿ ಬರೆಯುವುದಕ್ಕಿಂತ, ಲೆಕ್ಕ ಎಲ್ಲಿ ತಪ್ಪಿತೆಂದು ಒಮ್ಮೆ ಹುಡುಕುವುದು ಹೆಚ್ಚು ಉಪಯುಕ್ತ. ಪರೀಕ್ಷಾ ಕೊಠಡಿಯಲ್ಲಿ ನೆನಪು ಕೈಕೊಟ್ಟಾಗಲೂ ಈ ಅಭ್ಯಾಸ ಜೊತೆಗಿರುತ್ತದೆ.