ನಿವೃತ್ತರೊಡನೆ ಹೊರಟುಹೋಗುವ ಜ್ಞಾನ

ನಮ್ಮ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಹಳೆಯ ರೋಟರಿ ನಿರ್ವಾತ ಪಂಪು ಇದೆ. ಅದರ ಸ್ವಿಚ್ಚು ಆರಿಸಿದ ಕೂಡಲೇ ಕವಾಟವೊಂದನ್ನು ತೆರೆದು ಪಂಪಿನೊಳಕ್ಕೆ ಗಾಳಿ ಬಿಡಬೇಕು. ನಮ್ಮ ಹಿರಿಯ ಅಟೆಂಡರ್ ಒಬ್ಬರು ಹಲವು ವರ್ಷ ಇದನ್ನು ತಪ್ಪದೆ ಮಾಡುತ್ತಿದ್ದರು. ಕಾರಣವನ್ನು ನಾವು ಕೇಳಲಿಲ್ಲ, ಅವರೂ ಬರೆದಿಡಲಿಲ್ಲ. ಅವರು ನಿವೃತ್ತರಾದ ಕೆಲವೇ ವಾರಗಳಲ್ಲಿ ಪಂಪಿನ ಎಣ್ಣೆ ಕೊಳವೆಯಲ್ಲಿ ಏರಿ ಗಾಜಿನ ಪಾತ್ರೆಯೊಳಗೆ ಬಂದುಬಿಟ್ಟಿತು. ಪಾತ್ರೆಯೊಳಗೆ ನಿರ್ವಾತ, ಹೊರಗೆ ವಾಯುಮಂಡಲದ ಒತ್ತಡ. ಈ ವ್ಯತ್ಯಾಸವೇ ಎಣ್ಣೆಯನ್ನು ಹಿಮ್ಮುಖವಾಗಿ ತಳ್ಳಿತ್ತು.

ನಮಗಾದ ನಷ್ಟ ಒಂದು ಮಧ್ಯಾಹ್ನದ ಕೆಲಸ ಮಾತ್ರ. ರಾಸಾಯನಿಕ ಕಾರ್ಖಾನೆಯಲ್ಲಾದರೆ ಇಂಥ ಮರೆವಿಗೆ ಪ್ರಾಣಗಳನ್ನೇ ತೆರಬೇಕಾಗುತ್ತದೆ. ಅಂಥ ಉದ್ದಿಮೆಯಲ್ಲಿ ದೀರ್ಘಕಾಲ ದುಡಿದು, ತಾನು ಕಂಡದ್ದನ್ನು ಎಲ್ಲರಿಗೂ ದಕ್ಕುವಂತೆ ಬರೆದಿಟ್ಟ ನೌಕರರಲ್ಲಿ ಇಂಗ್ಲೆಂಡಿನ ಟ್ರೆವರ್ ಕ್ಲೆಟ್ಜ್ (1922-2013) ಪ್ರಮುಖರು.

ಮೂವತ್ತೆಂಟು ವರ್ಷಗಳ ನೌಕರಿ

ಲಿವರ್‌ಪೂಲಿನಲ್ಲಿ ರಸಾಯನಶಾಸ್ತ್ರ ಓದಿದ ಕ್ಲೆಟ್ಜ್ 1944ರಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ (ಐ.ಸಿ.ಐ.) ಕಂಪನಿ ಸೇರಿದರು. ಎಂಟು ವರ್ಷ ಸಂಶೋಧನೆ, ಹದಿನಾರು ವರ್ಷ ಉತ್ಪಾದನಾ ವಿಭಾಗ, ಕೊನೆಯ ಹದಿನಾಲ್ಕು ವರ್ಷ ಸುರಕ್ಷತಾ ಸಲಹೆಗಾರಿಕೆ - ಹೀಗೆ ಸಾಗಿದ ಅವರ ನೌಕರಿ 1982ರಲ್ಲಿ ಮುಗಿಯಿತು. 1960ರ ದಶಕದಲ್ಲಿ ಆ ಕಂಪನಿಯಲ್ಲಿ ಕೆಲವು ಗಂಭೀರ ಬೆಂಕಿ ಅನಾಹುತಗಳಾದವು. ಅದರ ನಂತರ, 1968ರಲ್ಲಿ, ಕಾರ್ಖಾನೆ ನಡೆಸಿದ ಅನುಭವವುಳ್ಳ ಇವರನ್ನೇ ಸಲಹೆಗಾರರ ಹುದ್ದೆಗೆ ನೇಮಿಸಲಾಯಿತು. ಅಪಘಾತಗಳ ವಿವರಗಳನ್ನು ಇವರು ಸುರಕ್ಷತಾ ವಾರ್ತಾಪತ್ರದಲ್ಲಿ ಪ್ರಕಟಿಸಿ ಹಂಚಿದರು. ನಿವೃತ್ತಿಯ ನಂತರ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿದ್ದು ಅನೇಕ ಪುಸ್ತಕಗಳನ್ನು ಬರೆದರು.

ಫ್ಲಿಕ್ಸ್‌ಬರೋ: ಲೆಕ್ಕ ಹಾಕದ ಕೊಳವೆ

1974ರ ಜೂನ್ 1, ಶನಿವಾರ ಸಂಜೆ. ಇಂಗ್ಲೆಂಡಿನ ಫ್ಲಿಕ್ಸ್‌ಬರೋದಲ್ಲಿ ಬೇರೊಂದು ಕಂಪನಿಯ ಕಾರ್ಖಾನೆ ಸ್ಫೋಟಗೊಂಡು 28 ಮಂದಿ ಸತ್ತರು. ಅಲ್ಲಿ ನೈಲಾನ್ ತಯಾರಿಕೆಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್‌ಗಾಗಿ ಸೈಕ್ಲೊಹೆಕ್ಸೇನ್ ಎಂಬ ದ್ರವವನ್ನು ಗಾಳಿಯಿಂದ ಉತ್ಕರ್ಷಿಸುತ್ತಿದ್ದರು. ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ತಗ್ಗಾಗಿ ಆರು ರಿಯಾಕ್ಟರುಗಳಿದ್ದವು. ಐದನೆಯದು ಬಿರುಕು ಬಿಟ್ಟಿದ್ದರಿಂದ ಅದನ್ನು ತೆಗೆದು, ನಾಲ್ಕು ಮತ್ತು ಆರನೆಯ ರಿಯಾಕ್ಟರುಗಳ ನಡುವೆ ತಾತ್ಕಾಲಿಕ ಕೊಳವೆಯೊಂದನ್ನು ಜೋಡಿಸಲಾಗಿತ್ತು.

ಇಲ್ಲಿನ ಭೌತಶಾಸ್ತ್ರ ಪಿ.ಯು. ವಿದ್ಯಾರ್ಥಿಗೂ ಗೊತ್ತಿರುವಂಥದು. ಎರಡೂ ತುದಿಗಳಲ್ಲಿ ಮಡಿಕೆ ಮಡಿಕೆಯಾದ, ಬಾಗಬಲ್ಲ ಬೆಲ್ಲೋಸ್‌ಗಳಿದ್ದವು. ಅವುಗಳ ವ್ಯಾಸ 28 ಅಂಗುಲ, ಅಂದರೆ ಸುಮಾರು 71 ಸೆಂ.ಮೀ.; ವಿಸ್ತೀರ್ಣ ಸುಮಾರು 3,960 ಚದರ ಸೆಂ.ಮೀ. ಕೆಲಸದ ಒತ್ತಡ ಚದರ ಸೆಂ.ಮೀ.ಗೆ ಸುಮಾರು 8.8 ಕೆ.ಜಿ. ಗುಣಿಸಿದರೆ ಪ್ರತಿ ತುದಿಯಲ್ಲೂ ಸುಮಾರು 35 ಟನ್ ಬಲ! ಎರಡು ಬಾಯಿಗಳು ಒಂದೇ ಮಟ್ಟದಲ್ಲಿರಲಿಲ್ಲವಾದ್ದರಿಂದ ಈ ಬಲಗಳು ಒಂದೇ ರೇಖೆಯಲ್ಲಿರದೆ ಬಲಯುಗ್ಮವಾಗಿ ಕೊಳವೆಯನ್ನು ತಿರುಚುತ್ತಿದ್ದವು. ಕೊಳವೆಯನ್ನು ಬಿಗಿಯಾಗಿ ಹಿಡಿದಿಡುವ ಆಧಾರವಿರಲಿಲ್ಲ. ಯಾರೂ ಲೆಕ್ಕ ಹಾಕಿರಲಿಲ್ಲ. ಕಾರ್ಯಾಗಾರದ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದದ್ದೇ ನಕ್ಷೆಯಾಗಿತ್ತು. ಕಾರ್ಖಾನೆಯ ಮುಖ್ಯ ಎಂಜಿನಿಯರು ಕೆಲಸ ಬಿಟ್ಟು ಹೋಗಿದ್ದರು. ಆ ಸ್ಥಾನ ಖಾಲಿಯಿತ್ತು ಎಂಬುದನ್ನು ತನಿಖಾ ವರದಿ ಗುರುತಿಸಿತು.

ಕೊಳವೆ ಕಿತ್ತುಹೋದಾಗ ಒಳಗಿನ ದ್ರವದ ಉಷ್ಣತೆ ಸುಮಾರು 155 ಡಿಗ್ರಿ ಸೆಲ್ಸಿಯಸ್. ವಾಯುಮಂಡಲದ ಒತ್ತಡದಲ್ಲಿ ಸೈಕ್ಲೊಹೆಕ್ಸೇನಿನ ಕುದಿಬಿಂದು 81 ಡಿಗ್ರಿ ಮಾತ್ರ. ಒತ್ತಡ ಇಳಿದೊಡನೆ ದ್ರವದ ದೊಡ್ಡ ಭಾಗ ಕ್ಷಣದಲ್ಲಿ ಆವಿಯಾಗಿ, ಮೋಡದಂತೆ ಹಬ್ಬಿ, ಹೊತ್ತಿಕೊಂಡಿತು.

ಇಲ್ಲದ್ದು ಸೋರದು

ಆದರೆ ಅಷ್ಟೊಂದು ದ್ರವ ಅಲ್ಲಿ ಏಕಿತ್ತು? ಪ್ರತಿ ಸುತ್ತಿನಲ್ಲಿ ನೂರಕ್ಕೆ ಸುಮಾರು 6 ಭಾಗ ಮಾತ್ರ ವರ್ತಿಸುತ್ತಿತ್ತು. ಉಳಿದದ್ದು ಮತ್ತೆ ಮತ್ತೆ ಸುತ್ತಬೇಕಿತ್ತು. ಕ್ಲೆಟ್ಜ್ ಬೆರಳಿಟ್ಟು ತೋರಿಸಿದ್ದು ಈ ಅಂಶವನ್ನೇ. ನಮ್ಮ ಬಳಿ ಇಲ್ಲದ ವಸ್ತು ಸೋರಲಾರದು ಎಂಬ ಅರ್ಥದ ಶೀರ್ಷಿಕೆಯಲ್ಲಿ 1977ರಲ್ಲಿ ಅವರು ಉಪನ್ಯಾಸ ಕೊಟ್ಟರು. ಅಪಾಯಕಾರಿ ವಸ್ತುವಿಗೆ ಕಾವಲು ಹೆಚ್ಚಿಸುವ ಮೊದಲು ಅದರ ಪ್ರಮಾಣವನ್ನೇ ತಗ್ಗಿಸಬೇಕು. ಆಗದಿದ್ದರೆ ಬದಲಿ ವಸ್ತು ಬಳಸಬೇಕು. ಅದೂ ಆಗದಿದ್ದರೆ ಕಡಿಮೆ ಒತ್ತಡ, ಕಡಿಮೆ ಉಷ್ಣತೆಯಲ್ಲಿ ಬಳಸಬೇಕು. ಇದೇ ಇಂದು ಪಠ್ಯಪುಸ್ತಕಗಳಲ್ಲಿರುವ 'ಅಂತರ್ಗತ ಸುರಕ್ಷತೆ'ಯ ತತ್ವ.

ಈ ಮಾತು ಎಷ್ಟು ನಿಜವೆಂಬುದನ್ನು ಭೋಪಾಲ ಕಂಡಿತು. 1984ರ ಡಿಸೆಂಬರ್ 2-3ರ ರಾತ್ರಿ ಅಲ್ಲಿನ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೊಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಒಂದೇ ತೊಟ್ಟಿಯಲ್ಲಿ ಸುಮಾರು 40 ಟನ್ ಇತ್ತು. ಅದನ್ನು ತಂಪಾಗಿಡುವ ಶೈತ್ಯ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಆ ವಸ್ತು ಕಚ್ಚಾಮಾಲೂ ಅಲ್ಲ, ಸಿದ್ಧವಸ್ತುವೂ ಅಲ್ಲ, ನಡುವೆ ಉತ್ಪತ್ತಿಯಾಗುವಂಥದು. ಅದನ್ನು ದಾಸ್ತಾನು ಮಾಡುವುದು ಅನುಕೂಲವಷ್ಟೇ, ಅನಿವಾರ್ಯವಲ್ಲ ಎಂದು ಕ್ಲೆಟ್ಜ್ ವಿವರಿಸಿದರು.

ಸಂಸ್ಥೆಗೆ ನೆನಪಿಲ್ಲ

ಇಡೀ ವೃತ್ತಿಜೀವನವನ್ನು ಹಿಂತಿರುಗಿ ನೋಡಿ ಅವರು ತಲುಪಿದ ತೀರ್ಮಾನ ಇದು: ನೆನಪಿರುವುದು ಮನುಷ್ಯರಿಗೆ, ಸಂಸ್ಥೆಗಳಿಗಲ್ಲ. ನೆನಪಿರುವವರು ವರ್ಗವಾಗಿ ಅಥವಾ ನಿವೃತ್ತರಾಗಿ ಹೋದ ಮೇಲೆ ಅದೇ ಅಪಘಾತ ಮರುಕಳಿಸುತ್ತದೆ. ನಿಯಮ ಉಳಿದರೂ ಅದರ ಕಾರಣ ಮರೆತುಹೋಗಿರುತ್ತದೆ. ಕಾರಣ ಗೊತ್ತಿಲ್ಲದ ನಿಯಮ ಹೊಸಬರಿಗೆ ವ್ಯರ್ಥ ಶ್ರಮವೆನಿಸುತ್ತದೆ. ಯಾರೋ ಅದನ್ನು ಕೈಬಿಡುತ್ತಾರೆ. ಇದಕ್ಕೆ ಅವರು ಸೂಚಿಸಿದ ಪರಿಹಾರ ಸರಳ. ಪ್ರತಿ ಸೂಚನೆಯ ಪಕ್ಕದಲ್ಲೇ ಅದು ಏಕೆ ಬಂತು, ಯಾವ ಅಪಘಾತದಿಂದ ಬಂತು ಎಂದು ಬರೆಯಬೇಕು. ಏಕೆ ಇಟ್ಟಿದ್ದಾರೆಂದು ತಿಳಿಯದೆ ಯಾವ ಸಲಕರಣೆಯನ್ನೂ ತೆಗೆಯಬಾರದು.

ತರಗತಿಯಲ್ಲಿ ಮಾಡಬಹುದಾದದ್ದು

ಐ.ಸಿ.ಐ.ನಲ್ಲಿ ಬೆಳೆದು, ಕ್ಲೆಟ್ಜ್ ಜನಪ್ರಿಯಗೊಳಿಸಿದ 'ಹ್ಯಾಜಾಪ್' ವಿಧಾನವನ್ನು ಅಧ್ಯಾಪಕರು ಪ್ರಯೋಗಾಲಯದಲ್ಲೇ ತೋರಿಸಬಹುದು. ಯಾವುದಾದರೂ ಉಪಕರಣದ ನಕ್ಷೆ ಬರೆದು, ಪ್ರತಿ ಕೊಳವೆಯ ಹರಿವಿಗೂ 'ಇಲ್ಲ', 'ಹೆಚ್ಚು', 'ಕಡಿಮೆ', 'ಹಿಮ್ಮುಖ' ಎಂಬ ಪದಗಳನ್ನು ಹಚ್ಚಿ, ಹೀಗಾದರೆ ಏನಾಗುತ್ತದೆಂದು ವಿದ್ಯಾರ್ಥಿಗಳನ್ನು ಕೇಳಬೇಕು. ನಮ್ಮ ಪಂಪಿಗೆ 'ಹಿಮ್ಮುಖ' ಎಂಬ ಒಂದು ಪದ ಹಚ್ಚಿದ್ದರೆ ಎಣ್ಣೆಯ ಕಥೆ ಮೊದಲೇ ತಿಳಿಯುತ್ತಿತ್ತು.

ಮತ್ತೊಂದು ಕೆಲಸವೂ ಇದೆ. ನಿಮ್ಮ ಊರಿನಲ್ಲಿ ಕಾರ್ಖಾನೆಯಿಂದ ನಿವೃತ್ತರಾದವರು ಇರಬಹುದು. ಅವರನ್ನು ಶಾಲೆಗೆ ಕರೆಸಿ, 'ನೀವು ತಪ್ಪದೆ ಮಾಡುತ್ತಿದ್ದ ಕೆಲಸ ಯಾವುದು, ಏಕೆ?' ಎಂದು ವಿದ್ಯಾರ್ಥಿಗಳಿಂದ ಕೇಳಿಸಿ, ಉತ್ತರ ಬರೆದಿಡಿ. ನಮ್ಮ ಪಂಪಿನ ಮೇಲೆ ಈಗ ಒಂದು ಚೀಟಿ ಅಂಟಿಸಿದ್ದೇವೆ. ಏನು ಮಾಡಬೇಕೆಂಬುದು ಒಂದು ಸಾಲು, ಏಕೆಂಬುದು ಎರಡು ಸಾಲು.